ಮೆಂತ್ಯಾನ ನಡುವಣ್ಣ

ಹರಿಹರ
14-7-2024

ಮಗಳೇ ಭವ್ಯಾ,

ನೀನು ಕಳಿಸಿದ ಮೂರು ಪುಸ್ತಕಗಳು ಶುಕ್ರವಾರ ಕೈ ಸೇರಿದವು. ಫೋನ್ ಮಾಡಿ ಹೇಳಿ ಎಂದಳು ಸೊಸೆ. ಫೋನಿನಲ್ಲಿ ನಿನ್ನ ಮಾತು ನನ್ನ ಕಿವಿಗೆ ನೊಣ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ಕಾಗದವೇ ವಾಸಿ.

ನಮ್ಮ ಮನೆತನದಲ್ಲಿ ಪುಸ್ತಕ ಬರೆದವಳು ನೀನೇ ಮೊದಲು. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಮಂಡಕ್ಕಿ ಭಟ್ಟಿಗೆ ಹೋದವನು. ಅಕ್ಷರ ಕಲಿತದ್ದೆಲ್ಲ ಆಮೇಲೆ, ಭಟ್ಟಿಯ ಬೂದಿಯ ಮೇಲೆ. ಅಂಥವನ ತಮ್ಮನ ಮಗಳ ಹೆಸರು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ! ಹಾಲಿನವನನ್ನೂ ನಿಲ್ಲಿಸಿ "ಇದು ನಮ್ಮ ಚೌಡೇಶನ ಮಗಳು ಬರೆದಿದ್ದು" ಎಂದು ತೋರಿಸಿದೆ. ಅವನು ಹೋಗಿ ವರ್ಷವಾಗುತ್ತ ಬಂತು. ಇದ್ದಿದ್ದರೆ ನನಗಿಂತ ಮೊದಲು ಅವನೇ ಊರೆಲ್ಲ ತೋರಿಸಿಕೊಂಡು ಬರುತ್ತಿದ್ದ.

ಮೊದಲ ಎರಡು ಪುಸ್ತಕಗಳನ್ನು ಮೊಮ್ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಎಲಾ ಆ ಮೆಂತ್ಯಾ! ಇರುವುದು ಅಂಗೈಯಗಲ, ಕಹಿ ಮಾತ್ರ ಊರಗಲ. ಅಟ್ಟದ ಬೆಲ್ಲವನ್ನೆಲ್ಲ ತಾನು ತಿಂದು, ಗಡಿಗೆಯಿಂದ ಬಾಗಿಲತನಕ ಸಕ್ಕರೆ ಚೆಲ್ಲಿ, ಕಳ್ಳತನವನ್ನು ಇರುವೆಗಳ ತಲೆಗೆ ಕಟ್ಟುವಲ್ಲಿ ಕಿರಿಯವನಿಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು. ಆ ಮೆಂತ್ಯಾ ನಿನ್ನ ಅಪ್ಪನೇ ಎಂದು ಎರಡನೇ ಪುಟಕ್ಕೇ ಗುರುತು ಸಿಕ್ಕಿತು. ಮೀಸೆ ಇಟ್ಟುಕೊಂಡು, ಕೂತಲ್ಲಿಂದ ಏಳದೆ ಗದರಿಸುವ ಒರಳಣ್ಣ ನಾನೇ ಎಂದೂ ತಿಳಿಯಿತು. ಬೇಜಾರಿಲ್ಲ ಬಿಡು. ಒರಳಿಲ್ಲದೆ ಮನೆ ನಡೆದೀತೇ?

ಆದರೆ ಮಗಳೇ, ನಡುವಿನವನು ಯಾರು?

ಜೋಳದ ದಂಟಿನಂತೆ ಉದ್ದಕ್ಕಿರುವ, ಎಡಗೈಯಲ್ಲಿ ಬರೆಯುವ, ಬೈದರೆ ಎದುರಾಡದೆ ಮೂಗಿನ ತುದಿ ಉಜ್ಜಿಕೊಳ್ಳುವ ಈ ಜೋಳಣ್ಣನನ್ನು ನಿನಗೆ ಯಾರು ಹೇಳಿದರು? ಅವನು ಮೊದಲ ಸಲ ಮೂಗು ಉಜ್ಜಿಕೊಂಡಾಗಲೇ ನನ್ನ ಓದು ನಿಂತುಹೋಯಿತು. "ಅಜ್ಜಾ, ಮುಂದೆ?" ಎಂದು ಹುಡುಗರು ಕೂಗುತ್ತಿದ್ದರು. ನನಗೆ ಅಕ್ಷರ ಕಾಣುತ್ತಿರಲಿಲ್ಲ. ಆ ಮನುಷ್ಯನ ಹೆಸರನ್ನು ಈ ಮನೆಯಲ್ಲಿ ಎತ್ತಿ ಐವತ್ತು ವರ್ಷ ದಾಟಿತು. ನನ್ನ ಹೆಂಡತಿ ಮಕ್ಕಳಿಗೂ ಅವನು ಇದ್ದನೆಂದು ಗೊತ್ತಿಲ್ಲ.

ಮೂರನೇ ಪುಸ್ತಕ ಇನ್ನೂ ತೆರೆದಿಲ್ಲ. ನಿನ್ನ ಉತ್ತರ ನೋಡಿ ತೆರೆಯುತ್ತೇನೆ.

ನಿನ್ನ ದೊಡ್ಡಪ್ಪ
ಹುಲಿಯಪ್ಪ


ನಿಜಲಿಂಗಪ್ಪ ಬಡಾವಣೆ, ದಾವಣಗೆರೆ
22-7-2024

ದೊಡ್ಡಪ್ಪನಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ದಂಗಾಗಿ ಕೂತಿದ್ದೇನೆ. ನಡುವಿನವನು ಯಾರು ಎಂದು ನೀವು ನನ್ನನ್ನು ಕೇಳಿದ್ದೀರಿ. ನಾನು ನಿಮ್ಮನ್ನು ಕೇಳಬೇಕು! ಜೋಳಣ್ಣ ಅಪ್ಪ ಕಟ್ಟಿದ ಪಾತ್ರ ಎಂದೇ ಇಲ್ಲಿಯತನಕ ನಂಬಿದ್ದೆ.

ನನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಬಿಡುವಾಗ ಅಪ್ಪ ದಿನಕ್ಕೊಂದು ಮೆಂತ್ಯಾನ ಕಥೆ ಹೇಳುತ್ತಿದ್ದರು. ಒಮ್ಮೆ ಕೇಳಿದ್ದೆ: "ಅಪ್ಪಾ, ನಿನಗಿರೋದು ದೊಡ್ಡಪ್ಪ ಒಬ್ರೇ. ಮೆಂತ್ಯಾಗೆ ಯಾಕ ಇಬ್ರು ಅಣ್ಣಂದಿರು?" ಅಪ್ಪ "ಎರಡು ಕಲ್ಲಿನ ಮ್ಯಾಲೆ ಒಲೆ ನಿಲ್ತೈತೇನೇ? ಮೂರು ಬೇಕವ್ವ" ಎಂದಿದ್ದರು. ಕಥೆ ಕಟ್ಟುವ ಗುಟ್ಟು ಹೇಳಿಕೊಟ್ಟರು ಎಂದು ನಾನು ಹಿಗ್ಗಿದ್ದೆ.

ಮೂರನೆಯದನ್ನು ತಡಮಾಡದೆ ಓದಿ. ಮೊದಲೆರಡು ಅಪ್ಪ ಇದ್ದಾಗಲೇ ಬಂದವು, ನಿಮಗೆ ಕಳಿಸಲು ಯಾಕೋ ಅವರು ಬಿಡಲಿಲ್ಲ. ಇದು ಅವರು ಹೋದ ಮೇಲೆ ಬಂದದ್ದು. ಎಲ್ಲಕ್ಕಿಂತ ಹೆಚ್ಚು ನಗಿಸುವುದೂ ಇದೇ. ನಾನು ಯಾವ ಶಾಲೆಗೆ ಹೋದರೂ ಮಕ್ಕಳು "ಅಕ್ಕಿ ಕಥೆ! ಅಕ್ಕಿ ಕಥೆ!" ಎಂದು ಕೂಗುತ್ತಾರೆ. ನಾಲಗೆಯಡಿ ಹುಣಸೆಹಣ್ಣು ಇಟ್ಟುಕೊಂಡು ನಾನೇ ಅಭಿನಯಿಸಿ ತೋರಿಸುತ್ತೇನೆ. ನಗದ ಮಗುವನ್ನು ಇನ್ನೂ ನೋಡಿಲ್ಲ. ಪ್ರಕಾಶಕರು ಎರಡನೇ ಮುದ್ರಣಕ್ಕೆ ಕೇಳುತ್ತಿದ್ದಾರೆ. ನೀವೂ ಒಮ್ಮೆ ನಕ್ಕು, ಆಮೇಲೆ ಜೋಳಣ್ಣ ಯಾರೆಂದು ಬರೆಯಿರಿ.

ನಿಮ್ಮ
ಭವ್ಯಾ


ಹರಿಹರ
3-8-2024

ಭವ್ಯಾ,

ಓದಿದೆ. ನಗಲಿಲ್ಲ.

ಓದಿ ನಾಲ್ಕು ದಿನವಾಯಿತು. ಮೊದಲ ದಿನ ಪುಸ್ತಕ ಮುಚ್ಚಿಟ್ಟು ಹೊಳೆದಂಡೆಗೆ ಹೋದವನು ಅಲ್ಲೇ ಕೂತುಬಿಟ್ಟಿದ್ದೆ. ಮಗ ಹುಡುಕಿಕೊಂಡು ಬಂದ. "ಏನಾತಪ್ಪಾ?" ಎಂದರೆ ಏನೆಂದು ಹೇಳಲಿ? ಮಕ್ಕಳ ಪುಸ್ತಕ ಓದಿ ಹೀಗಾಯಿತು ಎನ್ನಲೇ?

ನೀನು ಬರೆದದ್ದು ಇಷ್ಟು. ಕೇರಿಯ ದೇವಿ ಚೌಡಮ್ಮನ ಬೆಳ್ಳಿಕಣ್ಣುಗಳನ್ನು ಮನೆಯಲ್ಲಿಟ್ಟು ಕಾಯುವ ಪಾಳಿ ಆ ವರ್ಷ ಮೆಂತ್ಯಾನ ಮನೆಯದು. ಬೆಳಗ್ಗೆ ಹೊಳೆಗೆ ಸ್ನಾನಕ್ಕೆ ಬರುವ ಒರಳಣ್ಣನನ್ನು ಹೆದರಿಸಲು ಮೆಂತ್ಯಾ ಆ ಕಣ್ಣುಗಳನ್ನು ಮೇಣ ಹಚ್ಚಿ ಕುಂಬಳಕಾಯಿಗೆ ಅಂಟಿಸಿ ನೀರಿಗೆ ಬಿಡುತ್ತಾನೆ. ಒರಳಣ್ಣ ಬರುವ ಮೊದಲೇ ಸೆಳವಿಗೆ ಸಿಕ್ಕ ಕುಂಬಳಕಾಯಿ ಕಣ್ಣು ಬಿಟ್ಟುಕೊಂಡು ಮೆಂತ್ಯಾನನ್ನೇ ನೋಡುತ್ತ ನೋಡುತ್ತ ತೇಲಿ ಹೋಗುತ್ತದೆ. ಮನೆಯಲ್ಲಿ ಗದ್ದಲ. ಪೂಜಾರಿ ಮಂತ್ರಿಸಿದ ಅಕ್ಕಿ ತರುತ್ತಾನೆ. ಅಗಿದು ಉಗುಳಬೇಕು. ಕದ್ದವನ ಬಾಯಿ ಅಂಜಿಕೆಗೆ ಒಣಗಿ, ಅವನ ಅಕ್ಕಿ ಒಣಹಿಟ್ಟಾಗಿ ಬೀಳುತ್ತದೆ. ಮೆಂತ್ಯಾ ನಾಲಗೆಯಡಿ ಹುಣಸೆಹಣ್ಣು ಅಡಗಿಸಿಕೊಂಡು ಬರುತ್ತಾನೆ. ಜೊಲ್ಲು ಗದ್ದದ ತನಕ! ಪಾಪದ ಜೋಳಣ್ಣನ ಬಾಯಿಂದ ಹಿಟ್ಟು ಉದುರುತ್ತದೆ. ಒರಳಣ್ಣ ಅವನಿಗೆ ಹತ್ತು ಬಸ್ಕಿ ಹೊಡೆಸುತ್ತಾನೆ. ಆಮೇಲೆ ಮೂವರೂ ಕೂತು ಬಿಸಿ ಮಂಡಕ್ಕಿ ತಿನ್ನುತ್ತಾರೆ. ಕಥೆ ಮುಗಿಯಿತು.

ಬಸ್ಕಿ ಹೊಡೆಸಲಿಲ್ಲ ಮಗಳೇ. ಮನೆ ಬಿಡಿಸಿದೆ.

1973ನೇ ಇಸವಿ. ಅಪ್ಪ ತೀರಿ ಎರಡು ವರ್ಷವಾಗಿತ್ತು. ನನಗೆ ಇಪ್ಪತ್ತೆರಡು, ನಿನ್ನ ಅಪ್ಪನಿಗೆ ಒಂಬತ್ತು. ನಮ್ಮಿಬ್ಬರ ನಡುವೆ ರೇವಣ್ಣ, ಹದಿನೈದು ವರ್ಷದವನು. ನನ್ನ ತಮ್ಮ. ಬರೆದೆ ನೋಡು ಹೆಸರನ್ನು. ಶಾಲೆಯಲ್ಲಿ ತಾನು ಕಲಿತದ್ದನ್ನು ಸಂಜೆ ಭಟ್ಟಿಗೆ ತಂದು, ಎಡಗೈ ಬೆರಳಿನಿಂದ ಬೂದಿಯ ಮೇಲೆ ಬರೆದು ನನಗೆ ತಿದ್ದಿಸುತ್ತಿದ್ದವನು ಅವನೇ. ಈ ಕಾಗದ ಬರೆಯುವಷ್ಟು ಅಕ್ಷರ ನನ್ನಲ್ಲಿರುವುದು ಅವನಿಂದ.

ಕಣ್ಣು ಕಾಣೆಯಾಗಿವೆ ಎಂದು ಬೆಳಗ್ಗೆ ಗೊತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಕೇರಿಗೆ ಕೇರಿಯೇ ನಮ್ಮ ಬಾಗಿಲಲ್ಲಿ ನಿಂತಿತ್ತು. ಪೂಜಾರಿ ವಾಮದೇವಪ್ಪ ಅಕ್ಕಿ ತಂದ. ನಾನೂ ಅಗಿದೆ, ನಿನ್ನ ಅಪ್ಪನೂ ಅಗಿದ. ಅವನು ಉಗುಳಿದ್ದು ಗಂಜಿಯ ಹಾಗಿತ್ತು. ರೇವಣ್ಣ ಉಗುಳಿದ್ದು ಸುಣ್ಣದ ಪುಡಿ. "ನಾನಲ್ಲಣ್ಣ" ಎಂದ. ಒಂದೇ ಸಲ. ಮೂಗು ಉಜ್ಜಿಕೊಂಡ. "ಅಕ್ಕಿ ಸುಳ್ಳು ಹೇಳ್ತೈತೇನಲೇ? ನಡಿ ಹೊರಗೆ" ಎಂದೆ. ನಿಮ್ಮಜ್ಜಿ ಸುಂಕಲಮ್ಮ ಬಾಗಿಲ ಹಿಂದೆ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ಉಟ್ಟ ಬಟ್ಟೆಯಲ್ಲೇ ಹೋದ. ಎಲ್ಲಿಗೆ ಹೋದನೆಂದು ಹುಡುಕಲಿಲ್ಲ, ಹುಡುಕಲು ಬಿಡಲೂ ಇಲ್ಲ. ನಾಲ್ಕು ವರ್ಷಕ್ಕೆ ಅವ್ವನೂ ಹೋದಳು.

ನಿನ್ನೆ ಇನ್ನೊಂದು ನೆನಪಾಯಿತು. ಅವತ್ತು ನಾನು ಕೆಲಸಕ್ಕಿದ್ದ ಬಡೇಸಾಬರ ಭಟ್ಟಿಯಲ್ಲಿ ಉರಿ ಹಾಕುವವನು ಬಂದಿರಲಿಲ್ಲ. ರೇವಣ್ಣನಿಗೆ ಶಾಲೆ ರಜೆ. "ಇವತ್ತು ಒಲೆ ಮುಂದೆ ನೀನು ನಿಲ್ಲು" ಎಂದು ನಿಲ್ಲಿಸಿದವನು ನಾನೇ. ಬೆಳಗಿನಿಂದ ಮಧ್ಯಾಹ್ನದತನಕ ಕಾದ ಉಸುಕಿನ ಮುಂದೆ ನಿಂತು ಬೆಂದವನನ್ನು ಕೂಗಿ ಕರೆಸಿ, ನೆಟ್ಟಗೆ ಬಾಯಿಗೆ ಅಕ್ಕಿ ಹಾಕಿಸಿದೆವು. ಅವನ ಬಾಯಲ್ಲಿ ನೀರು ಎಲ್ಲಿಂದ ಬರಬೇಕು? ಕೇರಿಯವರಿಗೆ ಹೊಳೆಯದಿದ್ದರೆ ಹೋಗಲಿ. ಹತ್ತು ವರ್ಷ ಅದೇ ಒಲೆಯ ಮುಂದೆ ನಿಂತ ನನಗೆ ಹೊಳೆಯಬೇಡವೇ?

ಒಂದು ಪ್ರಶ್ನೆಗೆ ನಿಜ ಬರೆ. ಇದನ್ನು ಹೇಳುವಾಗ ನಿನ್ನ ಅಪ್ಪ ನಗುತ್ತಿದ್ದನೇ?

ಹುಲಿಯಪ್ಪ


ದಾವಣಗೆರೆ
10-8-2024

ದೊಡ್ಡಪ್ಪ,

ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಅದು ನಗುವಿನ ನೀರು ಎಂದುಕೊಂಡಿದ್ದೆ.

ಜೋಳಣ್ಣನ ಬಾಯಿಂದ ಹಿಟ್ಟು ಉದುರಿದಲ್ಲಿಗೆ ಅವರ ಕಥೆ ನಿಂತುಬಿಡುತ್ತಿತ್ತು. "ಆಮೇಲೆ?" ಎಂದರೆ "ಶಾಲೆ ಬಂತು, ಇಳಿ" ಎನ್ನುತ್ತಿದ್ದರು. ಬಸ್ಕಿಯನ್ನೂ ಬಿಸಿ ಮಂಡಕ್ಕಿಯನ್ನೂ ಸೇರಿಸಿದವಳು ನಾನು. ಮಕ್ಕಳ ಕಥೆ ಚೆನ್ನಾಗಿ ಮುಗಿಯಬೇಕಲ್ಲ ಎಂದು.

ಒಬ್ಬ ಮನುಷ್ಯನನ್ನು ಮನೆಯಿಂದ ಹಾಕಿದ ಗಳಿಗೆಯನ್ನು ಎಷ್ಟು ಶಾಲೆಗಳಲ್ಲಿ ಕುಣಿದು ತೋರಿಸಿದ್ದೇನೋ! ನಿನ್ನೆ ದೇವರಾಜ ಅರಸು ಬಡಾವಣೆಯ ಶಾಲೆಯೊಂದರಿಂದ ಕರೆದರು. ಗಂಟಲು ಕೂತಿದೆ ಎಂದು ಸುಳ್ಳು ಹೇಳಿದೆ. ಎರಡನೇ ಮುದ್ರಣ ಬೇಡವೆಂದು ಪ್ರಕಾಶಕರಿಗೆ ಬರೆಯಬೇಕೆಂದಿದ್ದೇನೆ.

ಇನ್ನೊಂದು ವಿಷಯ. ಅಪ್ಪ ಭತ್ತ ಕೊಳ್ಳಲು ಮಲೆಬೆನ್ನೂರಿಗೆ ಹೋಗುತ್ತಿದ್ದರಲ್ಲ, ನನ್ನನ್ನೂ ಒಂದೆರಡು ಸಲ ಕರೆದೊಯ್ದಿದ್ದರು. ಆಗ ನನಗೆ ಏಳೋ ಎಂಟೋ. ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಸೈಕಲ್ ಅಂಗಡಿ. ಸಣ್ಣಗೆ ಉದ್ದಕ್ಕಿದ್ದ ಒಬ್ಬರು ಎಡಗೈಯಲ್ಲಿ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದರು. ನನ್ನನ್ನು ನೋಡಿ ಮೂಗು ಉಜ್ಜಿಕೊಂಡರು. ಪಕ್ಕದಲ್ಲಿ ಸ್ಟೂಲು ಇದ್ದರೂ ಅಪ್ಪ ಅವರ ಮುಂದೆ ನೆಲದ ಮೇಲೆ ಕೂತರು. ಬಿಳಿ ಪ್ಯಾಂಟು ಹಾಕಿಕೊಂಡು, ಗ್ರೀಸಿನ ನೆಲದ ಮೇಲೆ! ಮನೆಯಲ್ಲಿ ಅಮ್ಮ ಬೈದದ್ದರಿಂದ ಅದು ಮರೆತಿಲ್ಲ. ಜೋಳಣ್ಣನಿಗೆ ಆ ಮೂಗು ಉಜ್ಜುವುದನ್ನು ಕೊಟ್ಟದ್ದು ಅಪ್ಪನೋ, ನನ್ನ ಈ ನೆನಪೋ, ಈಗ ತಿಳಿಯುತ್ತಿಲ್ಲ.

ಹೋಗಿ ನೋಡಲೇ, ದೊಡ್ಡಪ್ಪ?

ಭವ್ಯಾ


ಹರಿಹರ
14-8-2024

ಮಲೆಬೆನ್ನೂರೇ!

ಇಲ್ಲಿಂದ ಬಸ್ಸಿಗೆ ಒಂದು ಗಂಟೆಯೂ ಇಲ್ಲ. ನನ್ನ ಸೊಸೆಯನ್ನು ತಂದದ್ದು ಆ ಊರಿಂದಲೇ. ಆ ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಸಲ ಇಳಿದಿಲ್ಲ, ನಿಂತು ಚಹಾ ಕುಡಿದಿಲ್ಲ! ಬೊಂಬಾಯಿ ಕಡೆ ಹೋಗಿರಬೇಕು, ಎಲ್ಲೋ ಸತ್ತಿರಬೇಕು ಎಂದು ನಾನು ತಿಳಿದಿದ್ದೆ. ಅವನು ರಸ್ತೆಯ ಆಚೆ ಕೂತು ನನ್ನನ್ನು ನೋಡಿರಬೇಕು. ನೋಡಿ ತಲೆ ತಗ್ಗಿಸಿ ತೇಪೆ ಹಚ್ಚಿರಬೇಕು.

ಹೋಗು ಮಗಳೇ. ಜೊತೆಗಿಟ್ಟ ಕಾಗದ ಅವನ ಕೈಗೇ ಕೊಡು. ನಾನೇ ಹೊರಟುಬಿಡುತ್ತಿದ್ದೆ. ಹೋಗು ಎಂದವನು ನಾನು. ಬಾ ಎಂದು ಅವನು ಅನ್ನದೆ ಹೋಗಿ ನಿಲ್ಲುವ ಮುಖ ನನಗಿಲ್ಲ.

ಹುಲಿಯಪ್ಪ

(ಜೊತೆಯ ಕಾಗದ)

ರೇವಣ್ಣಾ,

ಚೌಡೇಶನ ಮಗಳ ಪುಸ್ತಕ ಓದಿ ತಿಳಿಯಿತು. ಕಣ್ಣು ತೆಗೆದವನು ನೀನಲ್ಲ. ಅವತ್ತು ನಿನ್ನನ್ನು ಒಲೆಯ ಮುಂದೆ ನಿಲ್ಲಿಸಿದವನು ನಾನು, ನೀರು ಕುಡಿದೆಯಾ ಎಂದು ಕೇಳದವನೂ ನಾನು. ತಪ್ಪಾಯಿತು. ಇಷ್ಟು ಬರೆಯಲು ಎಂಟು ಹಾಳೆ ಹರಿದೆ. ಮನೆಗೆ ಬಾ.

ಹುಲಿಯಪ್ಪ


ದಾವಣಗೆರೆ
28-8-2024

ದೊಡ್ಡಪ್ಪ,

ಇದ್ದಾರೆ. ಅದೇ ಅಂಗಡಿ. ಈಗ ಸೈಕಲ್ಲಿಗಿಂತ ಟ್ರಾಕ್ಟರ್ ಟ್ಯೂಬುಗಳೇ ಹೆಚ್ಚು.

ನಾನು ಬಾಯಿ ಬಿಡುವ ಮೊದಲೇ "ಕೂಡು ಭವ್ಯಾ" ಎಂದರು. "ಗುರುತು ಹೆಂಗೆ ಸಿಕ್ತು?" ಎಂದೆ. "ನಿಮ್ಮಪ್ಪನ ಮಣ್ಣಿಗೆ ಬಂದಿದ್ದೆ. ಹಿಂದೆ ನಿಂತಿದ್ದೆ" ಎಂದರು. ದೊಡ್ಡಪ್ಪ, ಅವತ್ತು ಮುಂದೆ ನಿಂತು ಮಣ್ಣು ಹಾಕಿದವರು ನೀವು. ನಿಮ್ಮ ಬೆನ್ನ ಹಿಂದೆ ಹತ್ತು ಮಾರಿನಲ್ಲಿ ಅವರಿದ್ದರು.

ಮೂರನೇ ಪುಸ್ತಕ ಕೊಟ್ಟೆ. ಅಕ್ಕಿಯ ಅಧ್ಯಾಯವನ್ನು ನಿಂತೇ ಓದಿದರು. ಹುಣಸೆಹಣ್ಣಿನ ಹತ್ತಿರ ಬಂದಾಗ ಅವರು ನಕ್ಕರು! "ಅಬಾಬಾ, ಜೊಲ್ಲು ಗದ್ದದ ತನಕ! ಹೌದವ್ವ, ಅಂಗಿ ಎಲ್ಲ ಒದ್ದೆ ಆಗಿತ್ತು ಮಗಂದು."

"ನಿಮಗೆ ಅವತ್ತೇ ಗೊತ್ತಿತ್ತಾ ದೊಡ್ಡಪ್ಪಾ?" ಎಂದೆ. ನಾನು ಹಾಗೆ ಕರೆದದ್ದಕ್ಕೆ ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿದರು.

"ದಂಡೆ ಮ್ಯಾಲೆ ಬೇವಿನ ಕಡ್ಡಿ ಹಿಡ್ಕೊಂಡು ನಿಂತಿದ್ದೆ. ಕುಂಬಳಕಾಯಿ ಹೋಗಿದ್ದೂ ನೋಡಿದೆ, ಅವನು ಹೆದರಿ ಅತ್ತಿದ್ದೂ ನೋಡಿದೆ."

"ಮತ್ತೆ ಯಾಕ ಹೇಳಲಿಲ್ಲ?"

"ಒಂಬತ್ತು ವರ್ಷದ ಹುಡುಗ. ಬಾಗಿಲಾಗೆ ಅಷ್ಟು ಮಂದಿ. ನಾನಲ್ಲ ಅಂದ್ರೆ ಸಾಕು, ಅಣ್ಣ ನಂಬ್ತಾನೆ ಅಂದ್ಕೊಂಡೆ."

ಹನ್ನೆರಡು ವರ್ಷದ ಮೇಲೆ ಅಪ್ಪ ಭತ್ತದ ವ್ಯಾಪಾರಕ್ಕೆ ಹೋದಾಗ ಇವರನ್ನು ಕಂಡು ಕಾಲು ಹಿಡಿದರಂತೆ. ಅಣ್ಣನಿಗೆ ಎಲ್ಲ ಹೇಳಿಬಿಡುತ್ತೇನೆ ಎಂದರಂತೆ. ಹೇಳಿದರೆ ಮತ್ತೆ ನಿನ್ನ ಮುಖ ನೋಡುವುದಿಲ್ಲ ಎಂದು ಕಟ್ಟು ಹಾಕಿದವರು ಇವರೇ. ಯಾಕೆಂದು ಕೇಳಿದೆ.

"ನನ್ನ ಬಾಯಿಮಾತು ನಂಬಲಿಲ್ಲ ಅವನು. ತಮ್ಮ ಬಂದು ಸಾಕ್ಷಿ ಹೇಳಿದ ಅಂತ ಕರೆದ್ರೆ, ಅದು ನನ್ನ ಕರೆದಂಗಾಯ್ತೇನವ್ವ?"

ನಿಮ್ಮ ಕಾಗದ ಓದಿದರು. ಮಡಿಸಿ ತೇಪೆಯ ಡಬ್ಬಿಯೊಳಗಿಟ್ಟರು. "ಈಗ ಪುಸ್ತಕ ನಂಬಿದಾನೆ" ಎಂದರು. ಸಿಟ್ಟಿರಲಿಲ್ಲ ದೊಡ್ಡಪ್ಪ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆ ಅಧ್ಯಾಯ ತೆಗೆದುಬಿಡುತ್ತೇನೆ ಎಂದದ್ದಕ್ಕೆ "ತೆಗೀಬ್ಯಾಡ. ಚೌಡ್ಯಾ ಅದರಾಗೆ ಇನ್ನೂ ಇದಾನೆ" ಎಂದರು. ನಿಮಗೆ ತಾವೇ ಬರೆಯುತ್ತಾರಂತೆ.

ಭವ್ಯಾ


ಮಲೆಬೆನ್ನೂರು
9-9-2024

ಹುಲಿಯಪ್ಪನವರಿಗೆ,

ನಿಮ್ಮ ಕಾಗದ ತಲುಪಿದೆ. ಮನೆಗೆ ಬಾ ಎಂದಿದ್ದೀರಿ. ಅಕ್ಕಿ ಹೇಳಿತು, ಹೋಗು ಎಂದಿರಿ. ಪುಸ್ತಕ ಹೇಳಿತು, ಬಾ ಎನ್ನುತ್ತಿದ್ದೀರಿ. ನಾನು ಹೇಳಿದ ಒಂದು ಮಾತು ಎಲ್ಲಿ ಹೋಯಿತು?

ಈಗ ಇನ್ನೊಂದು ಮಾತು ಹೇಳುತ್ತೇನೆ. ಇದಕ್ಕೆ ಅಕ್ಕಿಯೂ ಇಲ್ಲ, ಪುಸ್ತಕವೂ ಇಲ್ಲ. ಸಾಕ್ಷಿ ಹೇಳುವವರೂ ಯಾರೂ ಉಳಿದಿಲ್ಲ.

ನಾನಿರುವ ಊರು ತಿಳಿದ ಮೇಲೆ ಅವ್ವ ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೆ ಹೋಗುತ್ತೇನೆಂದು ಹೇಳಿ ನನ್ನ ಹತ್ತಿರ ಬರುತ್ತಿದ್ದಳು. ನಾಲ್ಕು ವರ್ಷ, ಸಾಯುವ ಹಿಂದಿನ ತಿಂಗಳತನಕ, ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು, ನಾನು ಉಣ್ಣುವುದನ್ನು ನೋಡಿ, ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೋಗುತ್ತಿದ್ದಳು. ಬೆಳ್ಳಿಕಣ್ಣಿನ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿಮ್ಮನ್ನು ಒಂದು ದಿನವೂ ಬೈಯಲಿಲ್ಲ, ನನಗೆ ಬೈಯಲು ಬಿಡಲೂ ಇಲ್ಲ.

ನಂಬಿದರೆ ಬನ್ನಿ. ಇಲ್ಲದಿದ್ದರೆ ಇನ್ನು ಕಾಗದ ಬೇಡ.

ರೇವಣ್ಣ


ಹರಿಹರ
17-9-2024

ಮಗಳೇ ಭವ್ಯಾ,

ರೇವಣ್ಣ ಬರೆದದ್ದರ ನಕಲು ಜೊತೆಗಿದೆ. ಓದಿ ನಿನಗೂ ಸಿಡಿಲು ಬಡಿದಂತಾದೀತು. ಮಗ ಎಲ್ಲಿದ್ದಾನೋ ಎಂದು ಕೊರಗಿ ಅವ್ವ ಸತ್ತಳೆಂದು ಇಷ್ಟು ವರ್ಷ ನಂಬಿದ್ದೆ. ಅವತ್ತು ಈ ಮನೆಯಲ್ಲಿದ್ದ ಎಲ್ಲರಿಗೂ ಎಲ್ಲವೂ ಗೊತ್ತಿತ್ತು, ನನ್ನೊಬ್ಬನಿಗೆ ಬಿಟ್ಟು. ಎಷ್ಟು ಹೆದರಿಸಿ ಇಟ್ಟಿದ್ದೆ ಎಲ್ಲರನ್ನೂ!

ಅವ್ವ ಅಮಾವಾಸ್ಯೆಗೆ ಹೋಗುತ್ತಿದ್ದದ್ದು ನಿಜ. ಕಳಿಸುತ್ತಿದ್ದವನೇ ನಾನು. ಸಂಜೆ ಬಂದು, ಗದ್ದುಗೆಯ ವಿಭೂತಿ ಎಂದು ನನ್ನ ಹಣೆಗೆ ಹಚ್ಚುತ್ತಿದ್ದಳು. ರೇವಣ್ಣನ ಕಾಗದ ಓದಿದ ಮರುಗಳಿಗೆಗೇ ನನ್ನ ಮನಸ್ಸು ಕೇಳಿದ್ದೇನು ಗೊತ್ತೇ? "ಹಾಗಾದರೆ ಆ ವಿಭೂತಿ ಎಲ್ಲಿಯದು?" ನೋಡು, ಎಪ್ಪತ್ತಮೂರು ವರ್ಷಕ್ಕೂ ಬುದ್ಧಿ ಬರಲಿಲ್ಲ. ಮತ್ತೆ ಅಕ್ಕಿ ಹಿಡಿದುಕೊಂಡು ನಿಂತೆ.

ಸಾಕ್ಷಿ ಯಾರೂ ಉಳಿದಿಲ್ಲ ಎಂದು ಬರೆದಿದ್ದಾನೆ. ಒಬ್ಬಳು ಉಳಿದಿದ್ದಾಳೆ. ಹಿಂದಿನ ಓಣಿಯ ಕಮಲಕ್ಕ. ಎಂಬತ್ತೆಂಟು ವರ್ಷ, ನೆನಪು ಇನ್ನೂ ಕುಡುಗೋಲು. ಪ್ರತಿ ಅಮಾವಾಸ್ಯೆಗೆ ಅವ್ವನ ಜೊತೆ ಅದೇ ಬಸ್ಸಿಗೆ ಹೋಗುತ್ತಿದ್ದವಳು ಅವಳೇ. ಅವ್ವ ಎಲ್ಲಿ ಇಳಿಯುತ್ತಿದ್ದಳೆಂದು ಒಂದು ಮಾತು ಕೇಳಿದರೆ ತೀರಿತು. ಮೂರು ದಿನ ತಡೆದುಕೊಂಡೆ. ಇವತ್ತು ಮಧ್ಯಾಹ್ನ ಕಾಲು ತಾವಾಗಿಯೇ ಅವಳ ಮನೆಗೆ ಹೋದವು.

ಅದನ್ನು ಹೇಳುವ ಮೊದಲು ಪುಸ್ತಕದ ಮಾತು ಮುಗಿಸುತ್ತೇನೆ. ರೇವಣ್ಣ ಹೇಳಿದ ಹಾಗೆ ಅಕ್ಕಿಯ ಕಥೆ ಇರಲಿ. ಹುಣಸೆಹಣ್ಣೂ ಇರಲಿ, ಜೊಲ್ಲೂ ಇರಲಿ. ಬಸ್ಕಿ ಮಾತ್ರ ತೆಗೆ. ಹಿಟ್ಟು ಉದುರಿದಾಗ ಒರಳಣ್ಣ ಎದ್ದು ನಿಂತು "ನೀರು ಕುಡಿದೆಯೇನೋ?" ಎಂದು ಕೇಳಲಿ. ಮುಂದೆ ಏನಾಗುತ್ತದೋ ನೀನೇ ಬರೆ. ಅಷ್ಟು ಕೇಳುವ ಒಬ್ಬ ಅಣ್ಣ ಮಕ್ಕಳಿಗೆ ಪುಸ್ತಕದಲ್ಲಾದರೂ ಸಿಗಲಿ.

ನಾಳೆ ಬೆಳಗಿನ ಬಸ್ಸಿಗೆ ಮಲೆಬೆನ್ನೂರಿಗೆ ಹೊರಟಿದ್ದೇನೆ. ಮಗ ಜೊತೆಗೆ ಬರುತ್ತೇನೆಂದ, ಬೇಡವೆಂದೆ. ಕಮಲಕ್ಕ ಇನ್ನೂ ಇದ್ದಾಳೆಂಬುದನ್ನು ರೇವಣ್ಣನಿಗೆ ನಾನೂ ಹೇಳುವುದಿಲ್ಲ, ನೀನೂ ಹೇಳಬೇಡ.

ಕಮಲಕ್ಕ ಕಟ್ಟೆಯ ಮೇಲೆ ಕೂತು ಅವರೆ ಬಿಡಿಸುತ್ತಿದ್ದಳು. "ಬಾರೋ ಹುಲಿಯಾ, ದಾರಿ ತಪ್ಪಿ ಬಂದೇನು?" ಎಂದಳು. ಕೂತೆ. ಕೈಗೊಂದು ಹಿಡಿ ಅವರೆಕಾಯಿ ಹಾಕಿದಳು, ನಾನೂ ಬಿಡಿಸಿದೆ. ಮೊಮ್ಮಗಳು ಚಹಾ ತಂದಳು. ಕುಡಿದೆ. ಮಾತು ನಾಲಗೆಯ ತುದಿಗೆ ಎರಡು ಸಲ ಬಂತು, ಎರಡು ಸಲವೂ ನುಂಗಿದೆ. ಏಳುವಾಗ ಅವಳು ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿ, "ಏನೋ ಕೇಳಾಕೆ ಬಂದಿದ್ದಿ. ಕೇಳಲೇ ಇಲ್ಲ" ಎಂದಳು.

"ಕೇಳೋದೇನಿಲ್ಲ ಕಮಲಕ್ಕ" ಎಂದೆ. "ತಮ್ಮ ಹೇಳಿದಾನೆ."

ನಿನ್ನ ದೊಡ್ಡಪ್ಪ
ಹುಲಿಯಪ್ಪ